ತಿಮಿಂಗಿಲ ಕಾಯುವ ಜಾಕೆಟ್ಟು

ಜಾಕೆಟ್ಟು ತೊಟ್ಟು ಇಸುಬು ಹಡಗಿನ ಮೇಲಟ್ಟ ಹತ್ತಿ ನಿಂತ. ಸಲಾಲಾ ಬಂದರಿನಿಂದ ಹೊರಟ ಹಡಗು ಸಮುದ್ರದಡಿ ಎಣ್ಣೆ ಹುಡುಕುತ್ತಿತ್ತು. ತಳದ ಮಾರ್ದನಿ ಕೇಳಲೆಂದು ಹಡಗಿನ ಹಿಂದೆ ಕಟ್ಟಿದ ಗಾಳಿಗನ್ನುಗಳು ನೀರೊಳಗೆ ಢಂ ಎಂದಾಗಲೆಲ್ಲ ಡೆಕ್ಕಿನ ಕಬ್ಬಿಣ ಅದುರುತ್ತಿತ್ತು. ಆ ಸದ್ದು ತಿಮಿಂಗಿಲದ ಕಿವಿ ಕೆಡಿಸುತ್ತದೆ, ಅದು ಹತ್ತಿರ ಬಂದರೆ ಗನ್ನು ನಿಲ್ಲಿಸಬೇಕೆಂದು ನಿಯಮವಿದೆ. ಅದನ್ನು ನೋಡಲು ಒಬ್ಬ ಕಾವಲಿನವನು ಬೇಕು. ಕಲಿತು ಬಂದ ಕಾವಲಿನವನು ಮತ್ತೆ ಮತ್ತೆ ಗನ್ನು ನಿಲ್ಲಿಸಿದನೆಂದು ಕಂಪನಿ ಅವನನ್ನು ಊರಿನ ವಿಮಾನ ಹತ್ತಿಸಿತು. ಅವನ ಜಾಕೆಟ್ಟು ಈಗ ಡೆಕ್ಕು ತೊಳೆಯುವ ಉಳ್ಳಾಲದ ಇಸುಬುವಿನ ಮೈಮೇಲೆ. ಯಾರಾದರೂ ಕೇಳಿದರೆ ತೋರಿಸಲು ಒಂದು ಜಾಕೆಟ್ಟಾದರೂ ಇದೆಯಲ್ಲ!

“ನೀನು ಸುಮ್ಮನೆ ನಿಂತ್ರೆ ಆಯ್ತು ಮಾರಾಯ,” ಎಂದ ಸೂಪರ್‌ವೈಸರ್ ಅವಿಲ್, ಬಜ್ಪೆಯವನು. “ಎಂತ ಕಂಡ್ರೂ ಬಾಯಿ ಬಿಡ್ಬೇಡ. ಬಿಟ್ಟಿಯೋ, ಖಲಾಸ್. ಮುಂದಿನ ಫ್ಲೈಟ್ ನಿಂದೇ.”

“ಹತ್ರವೇ ಬಂದ್ರೆ, ಸರ್?”

“ನಿನಗೆ ಎಂತದೂ ಕಾಣ್ಲಿಕ್ಕಿಲ್ಲ, ಗೊತ್ತಾಯ್ತಾ?”

ಊರಲ್ಲಿ ಹೆಂಡತಿ ನುಸೈಬಾ ಬಸುರಿ. ಕೆಲಸ ಹೋದರೆ ಮನೆ ಬೀದಿಗೆ ಬೀಳುತ್ತದೆ. ಏನೂ ಕಾಣದಿರಲಿ ಎಂದು ಇಸುಬು ಅಲ್ಲಾಹನಲ್ಲಿ ಬೇಡಿದ.

ಆದರೂ ಕಂಡಿತು. ಎಡಗಡೆ ನೀರು ಬುಸ್ಸೆಂದು ಚಿಮ್ಮಿ ಕಪ್ಪು ಬೆನ್ನೊಂದು ಎದ್ದಿತು. ಅದಕ್ಕೆ ಅಂಟಿಕೊಂಡು ಇನ್ನೊಂದು ಚಿಕ್ಕ ಬೆನ್ನು. ಗನ್ನು ಢಂ ಎಂದಿತು. ಮರಿ ಗಿರಕಿ ಹೊಡೆದು ತಾಯಿಯ ಹೊಟ್ಟೆಯಡಿ ನುಗ್ಗಿತು. ದಿಕ್ಕು ತಪ್ಪಿದ ತಾಯಿ ಗನ್ನಿನ ಕಡೆಗೇ ತಿರುಗಿತು.

ಇಸುಬು ಹಲ್ಲು ಕಚ್ಚಿ ಬಾಯಿ ಬಿಗಿದ. ಆದರೆ ಉಳ್ಳಾಲದ ದೋಣಿಗಳಲ್ಲಿ ಮೀನಿನ ಹಿಂಡು ಕಂಡವನು ಬೊಬ್ಬೆ ಹಾಕುವುದಿಲ್ಲ, ತಲೆಗೆ ಸುತ್ತಿದ ಬೈರಾಸು ಬಟ್ಟೆ ಬಿಚ್ಚಿ ಬೀಸುತ್ತಾನೆ. ಎಷ್ಟೋ ವರ್ಷ ಹಾಗೆ ಬೀಸಿದ ಕೈ ಅವನನ್ನು ಕೇಳಲೇ ಇಲ್ಲ. ತನ್ನ ತಲೆಯ ಬೈರಾಸು ಗಾಳಿಯಲ್ಲಿ ಸುತ್ತತೊಡಗಿದ್ದನ್ನು ಕಂಡು ಅವನೇ ಬೆಚ್ಚಿಬಿದ್ದ.

ಪಕ್ಕದ ಬೆಂಗಾವಲು ದೋಣಿಯಲ್ಲಿ ಇದ್ದದ್ದು ಉಚ್ಚಿಲದ ಹಳೇ ಮೀನುಗಾರ ಹಂಝಾಕ. ಬೈರಾಸು ಬೀಸಿದ್ದು ಯಾಕೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅತ್ತ ನೋಡಿದರು. ಅವರಿಗೂ ಕೆಲಸದ ಹೆದರಿಕೆ ಇತ್ತು. ಆದರೂ ರೇಡಿಯೊ ಕೈಗೆತ್ತಿಕೊಂಡು ಕೂಗಿಯೇಬಿಟ್ಟರು: “ವೇಲ್! ವೇಲ್! ಬಚ್ಚಾ ಭೀ ಹೈ! ಗನ್ ಬಂದ್ ಕರೋ!”

ಆ ಮಾತು ದಡದ ಕಾವಲುಪಡೆಗೂ ಕೇಳುತ್ತದೆ. ಕ್ಯಾಪ್ಟನ್ ಗನ್ನು ನಿಲ್ಲಿಸಲೇಬೇಕಾಯಿತು.

ಅವಿಲ್ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ. “ಬಿಚ್ಚು ಜಾಕೆಟ್! ಈಗ್ಲೇ ಬಿಚ್ಚು!”

ಇಸುಬು ಅವನ ಹೆಗಲಾಚೆ ನೋಡಿದ. ಕೆಳಗೆ ಡೆಕ್ಕಿನವರು, ಅಡುಗೆಯವರು ಒಬ್ಬೊಬ್ಬರೇ ಬಂದು ಅಂಚಿನ ಕಟಾಂಜನ ಹಿಡಿದು ನಿಂತಿದ್ದರು. ಬಂಗಾಳಿ ಅಡುಗೆಯವನೊಬ್ಬ ಏಪ್ರನ್ ಬಿಚ್ಚಿ ಇಸುಬುವಿನಂತೆಯೇ ತಲೆಯ ಮೇಲೆ ಬೀಸಿದ. ಅವನ ಪಕ್ಕದವನೂ ಕೈಯ ಒರಸುಬಟ್ಟೆ ಬೀಸಿದ.

ಇಸುಬು ಜಾಕೆಟ್ಟಿನ ಎದೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

“ಬಿಚ್ತೇನೆ ಸರ್. ಅವೆರಡೂ ದೂರ ಹೋಗ್ಲಿ. ಅಲ್ಲಿವರೆಗೆ ಇದು ನನ್ನ ಡ್ಯೂಟಿ.”