ಜಯಾ ಆರಿಸಿದ ಡಿಶ್

"ಅಕ್ಕಾ, ತೂತು ಎಲ್ಲಿ ಕೊರೀಲಿ, ಏಳ್ಬಿಡಿ," ಎಂದು ಬೈರಣ್ಣ ವ್ಯಾನಿನ ತಲೆಯ ಮೇಲಿಂದ ಕೂಗಿದ. ಮಂಡಿಯೂರಿ ಕುಳಿತಿದ್ದ ಅವನ ಕೈಯಲ್ಲಿ ಡ್ರಿಲ್ಲಿಂಗ್ ಮೆಷಿನ್ನಿತ್ತು.

ಕೆಳಗೆ ನಿಂತಿದ್ದ ಜಯಾ ಕೈಚೀಲದಿಂದ ಮಡಿಸಿದ ಹಾಳೆಯೊಂದನ್ನು ತೆಗೆದು ನೋಡಿ, ಮತ್ತೆ ಒಳಗಿಟ್ಟಳು. "ಇವತ್ತು ಬೇಡ ಬೈರಣ್ಣ. ಯಾವ ಡಿಶ್ ಹಾಕ್ಸೋದು ಅಂತ ಇನ್ನೂ ತೀರ್ಮಾನ ಆಗಿಲ್ಲ."

"ಓದ್ ವಾರಾನೂ ಇಂಗೇ ಅಂದ್ರಿ."

"ಒಂದ್ಸಲ ಕೊರೆದ್ರೆ ಮುಗೀತಲ್ಲ. ಸರಿಯಾಗಿ ನೋಡಿ ಹೇಳ್ತೀನಿ."

ವ್ಯಾನಿನ ಬಾಗಿಲಿಗೆ ಒರಗಿದ್ದ ಅವಳ ಗಂಡ ಶ್ರೀಕಾಂತ ನಕ್ಕ. "ಬಿಡಪ್ಪ ಬೈರಣ್ಣ, ಮೂವತ್ನಾಲ್ಕು ವರ್ಷ ಆಂಟೆನಾ ಮಾಡಿರೋಳು. ಅಷ್ಟು ಸುಲಭಕ್ಕೆ ಒಪ್ತಾಳಾ?" ಅವನ ದನಿಯಲ್ಲಿ ಹೆಮ್ಮೆಯಿತ್ತು. ಜಯಾ ಕೈಚೀಲದ ಜಿಪ್ಪು ಎಳೆದು ರಸ್ತೆಯ ಕಡೆ ತಿರುಗಿದಳು.

ಗೊರಗುಂಟೆಪಾಳ್ಯದ ಸರ್ಕಲ್ಲಿನಿಂದ ಒಳಕ್ಕೆ ಎರಡು ತಿರುವು ದಾಟಿದರೆ ಬೈರಣ್ಣನ ಶೆಡ್ಡು. ಲಾರಿ, ಬಸ್ಸುಗಳಿಗೆ ಬಾಡಿ ಕಟ್ಟುತ್ತಿದ್ದವನು ಈಚಿನ ವರ್ಷಗಳಲ್ಲಿ ಹಳೆಯ ಟೆಂಪೋ ಟ್ರಾವೆಲರುಗಳ ಸೀಟು ಕಿತ್ತು ಅವನ್ನು ಮನೆ ಮಾಡಿಕೊಡುತ್ತಿದ್ದ. ಶ್ರೀಕಾಂತನ ವ್ಯಾನಿನೊಳಗೆ ಈಗ ಮಡಿಸುವ ಮಂಚ, ಎರಡು ಉರಿಯ ಒಲೆ, ಪುಟ್ಟ ಸಿಂಕು, ಹಸಿರು ಪರದೆ ಎಲ್ಲವೂ ಇದ್ದವು. ಗೋಡೆಗೆ ಟಿವಿಯೂ ಕೂತಿತ್ತು. ಡಿಶ್ ಒಂದು ಬಾಕಿ. ಅದು ಕೂತ ವಾರದೊಳಗೆ ಗಂಡ ಹೆಂಡತಿ ಗುಜರಾತು, ರಾಜಸ್ಥಾನ, ಹಿಮಾಚಲ ಎಂದು ಆರು ತಿಂಗಳಿಗೆ ಹೊರಡಬೇಕು.

ಶ್ರೀಕಾಂತ ಯಶವಂತಪುರದ ವಿಮಾ ಕಚೇರಿಯೊಂದರಲ್ಲಿ, ಕಿಟಕಿಯಿಲ್ಲದ ಒಂದೇ ಕೋಣೆಯಲ್ಲಿ, ಇಪ್ಪತ್ತೊಂಬತ್ತು ವರ್ಷ ಕುಳಿತವನು. ನಿವೃತ್ತಿಯಾದ ಮೇಲೆ ಅವನಿಗೆ ಕೂರುವುದೆಂದರೆ ಆಗುತ್ತಿರಲಿಲ್ಲ. ಹೆಂಡತಿಯ ನಿವೃತ್ತಿಗೆ ಎಂಟು ತಿಂಗಳಿರುವಾಗಲೇ ವ್ಯಾನು ಕೊಂಡ. "ಇಬ್ರೂ ದುಡಿದಿದ್ದು ಸಾಕು, ಇನ್ನು ತಿರುಗೋಣ," ಎಂದ. ಒಲೆ ಎಲ್ಲಿರಬೇಕು, ಪರದೆ ಯಾವ ಬಣ್ಣ ಎಂದು ಪ್ರತಿಯೊಂದನ್ನೂ ಅವಳನ್ನು ಕೇಳಿಯೇ ಮಾಡಿಸಿದ. ಟಿವಿ ಮಾತ್ರ ಪೂರ್ತಿ ಅವಳಿಗೇ ಬಿಟ್ಟ. "ಅದು ನಿನ್ನ ಡಿಪಾರ್ಟ್‌ಮೆಂಟು," ಎಂದ.

ಜಯಾ ಜಾಲಹಳ್ಳಿಯ ಕಾರ್ಖಾನೆಯಲ್ಲಿ ಆಂಟೆನಾ ವಿಭಾಗದಲ್ಲಿದ್ದವಳು. ಬೆಳಿಗ್ಗೆ ಆರೂ ಇಪ್ಪತ್ತಕ್ಕೆ ಫ್ಯಾಕ್ಟರಿ ಬಸ್ಸು. ಊರಂಚಿನ ಸಿಂಗಾಪುರ ಎಂಬ ಬಡಾವಣೆಯಲ್ಲಿ ಅವರು ಮನೆ ಕಟ್ಟಿ ಇಪ್ಪತ್ತೆರಡು ವರ್ಷವಾಗಿತ್ತು. ಮೇ ತಿಂಗಳಲ್ಲಿ ಅವಳು ನಿವೃತ್ತಳಾದಳು. ಈಗ ಸೆಪ್ಟೆಂಬರ್.

ಡಿಶ್ಶಿನ ವಿಚಾರ ಅವಳಿಗೆ ಮೊದಲ ದಿನವೇ ಸ್ಪಷ್ಟವಾಗಿತ್ತು. ಇದ್ದದ್ದೇ ಮೂರು ದಾರಿ. ವ್ಯಾನು ಓಡುತ್ತಿರುವಾಗಲೂ ತಾನೇ ಉಪಗ್ರಹವನ್ನು ಹುಡುಕಿಕೊಳ್ಳುವ, ಮಡಕೆ ಬೋರಲು ಹಾಕಿದಂಥ ಆಂಟೆನಾ ಒಂದು. ನಿಂತಲ್ಲಿ ಕೈಯಿಂದ ತಿರುಗಿಸಿ ಹೊಂದಿಸಿಕೊಳ್ಳುವ ಸಾದಾ ಡಿಶ್ ಇನ್ನೊಂದು. ಡಿಶ್ಶೇ ಇಲ್ಲದೆ ಮೊಬೈಲಿನ ಇಂಟರ್ನೆಟ್ಟಿನಿಂದ ನೋಡುವುದು ಮೂರನೆಯದು. ಯಾರಾದರೂ ಪರಿಚಯದವರು ಕೇಳಿದ್ದರೆ ಹತ್ತು ನಿಮಿಷದಲ್ಲಿ ಹೇಳಿ ಕಳಿಸುತ್ತಿದ್ದಳು. ತನ್ನ ವ್ಯಾನಿಗೆ ಮಾತ್ರ ಐದು ವಾರದಿಂದ ಹಾಳೆಯ ಮೇಲೆ ಗೆರೆ ಎಳೆಯುತ್ತಿದ್ದಳು. ಯಾವ ಕಂಪನಿಯದರಲ್ಲಿ ಕನ್ನಡ ಚಾನೆಲ್ ಹೆಚ್ಚು, ಆರು ತಿಂಗಳು ಊರಿಂದೂರಿಗೆ ಹೋದರೆ ಕನೆಕ್ಷನ್ ನಡೆಯುತ್ತದೋ ಇಲ್ಲವೋ, ಉತ್ತರಕ್ಕೆ ಹೋದಷ್ಟೂ ಡಿಶ್ ಎಷ್ಟು ಬಗ್ಗಬೇಕು. ಒಂದು ಪ್ರಶ್ನೆ ಮುಗಿದರೆ ಇನ್ನೊಂದನ್ನು ಹುಡುಕಿಕೊಳ್ಳುತ್ತಿದ್ದಳು.

ಕೊನೆಗೆ ಶ್ರೀಕಾಂತನೇ ಆರ್.ಟಿ. ನಗರದ ಮನೋಹರ್ ಎಂಬ ಡೀಲರನ್ನು ಕರೆಸಿದ. ಆತ ಮಡಕೆಯಂಥ ಆಂಟೆನಾವನ್ನು ಅಯಸ್ಕಾಂತದಿಂದ ವ್ಯಾನಿನ ಮೇಲೆ ಅಂಟಿಸಿ, "ರೌಂಡ್ ಹೋಗೋಣ ಬನ್ನಿ ಸಾರ್, ಸುಮ್ನೆ ಬಾಯಲ್ಲಿ ಹೇಳೋದು ಬೇಡ," ಎಂದ. ಶ್ರೀಕಾಂತ ಸ್ಟೇರಿಂಗ್ ಹಿಡಿದ. ಮನೋಹರ್ ಅವನ ಪಕ್ಕ ಕೂತ. ಜಯಾ ಮತ್ತು ಬೈರಣ್ಣ ಹಿಂದೆ ಮಂಚದ ಮೇಲೆ ಕೂತರು. ರಿಂಗ್ ರೋಡಿನಲ್ಲಿ ವ್ಯಾನು ಹೆಬ್ಬಾಳದ ಕಡೆ ಹೊರಟಿತು.

ಚಿತ್ರ ಚೆನ್ನಾಗಿಯೇ ಬಂತು. ಯಾವುದೋ ಅಡುಗೆ ಕಾರ್ಯಕ್ರಮದಲ್ಲಿ ಹೆಂಗಸೊಬ್ಬಳು ಹೀರೇಕಾಯಿ ಸಿಪ್ಪೆ ಹೆರೆಯುತ್ತಿದ್ದಳು.

"ಮರದ ಕೆಳಗೆ?" ಎಂದು ಜಯಾ ಕೇಳಿದಳು.

"ಒಂದೆರಡು ಸೆಕೆಂಡ್ ಹೋಗ್ಬಹುದು ಸಾರ್," ಎಂದು ಮನೋಹರ್ ಶ್ರೀಕಾಂತನಿಗೆ ಉತ್ತರಿಸಿದ.

"ಹಿಮಾಚಲದಲ್ಲಿ ಡಿಶ್ಶಿನ ಆಂಗಲ್ ಐವತ್ತು ಡಿಗ್ರಿಗಿಂತ ಕೆಳಗಿಳಿಯುತ್ತೆ. ಇಲ್ಲಿ ಅರವತ್ತಾರಿದೆ. ಪಕ್ಕದಲ್ಲಿ ಬೆಟ್ಟ ಇದ್ರೆ?"

ಮನೋಹರ್ ಆಗ ಸೀಟಿನಲ್ಲಿ ಪೂರ್ತಿ ಹಿಂದಕ್ಕೆ ತಿರುಗಿದ. ಆಮೇಲೆ ಅವನು ಅವಳೊಂದಿಗೇ ಮಾತಾಡಿದ. "ಬೆಟ್ಟ ಅಡ್ಡ ಬಂದ್ರೆ ಯಾವ ಡಿಶ್ಶೂ ಬರಲ್ಲ ಮೇಡಂ. ಸುಳ್ಳು ಹೇಳಲ್ಲ. ಬಯಲಲ್ಲಿ ಇದು ತೊಂದರೆ ಕೊಡಲ್ಲ."

ಹೆಬ್ಬಾಳದ ಫ್ಲೈಓವರಿನ ಕೆಳಗೆ ಚಿತ್ರ ನಿಂತಿತು. ಜಯಾ ಗಡಿಯಾರ ನೋಡಿದಳು. ಆಚೆ ಬಂದ ನಾಲ್ಕೇ ಸೆಕೆಂಡಿನಲ್ಲಿ ಹೀರೇಕಾಯಿ ಬಾಣಲೆಯಲ್ಲಿತ್ತು. ತಪ್ಪು ಹುಡುಕಲು ಏನೂ ಉಳಿದಿರಲಿಲ್ಲ.

"ಏನಂತೀಯ ಜಯಾ?" ಶ್ರೀಕಾಂತ ಕನ್ನಡಿಯಲ್ಲಿ ಅವಳನ್ನು ನೋಡಿದ.

"ಬೇಡ ಅನ್ಸುತ್ತೆ."

"ಯಾಕೆ?"

"ಯೋಚ್ನೆ ಮಾಡಿ ಹೇಳ್ತೀನಿ."

ಶ್ರೀಕಾಂತ ಕೆರೆಯ ಹತ್ತಿರ ವ್ಯಾನನ್ನು ಬದಿಗೆ ನಿಲ್ಲಿಸಿ, ಮನೋಹರನನ್ನು ಕರೆದುಕೊಂಡು ಕಾಫಿಗೆ ಇಳಿದ. ಬೈರಣ್ಣ ಇಳಿಯಲಿಲ್ಲ. ಮಂಚದ ಅಂಚಿನಲ್ಲಿ ತಾನು ಹೊಡೆದಿದ್ದ ಮರದ ಬೀಡಿಂಗ್ ಪಟ್ಟಿಯನ್ನು ಹೆಬ್ಬೆರಳಲ್ಲಿ ಒತ್ತಿ ನೋಡುತ್ತ ಹೇಳಿದ:

"ತಪ್ ತಿಳ್ಕೋಬ್ಯಾಡಿ ಅಕ್ಕಾ. ಈ ಕೆಲಸ್ದಾಗೆ ನಾನು ಬೋ ಜನ ನೋಡಿವ್ನಿ. ಬೆಡ್‌ಶೀಟ್ ಬಣ್ಣ ಆರ್ಸಕ್ಕೆ ಮೂರು ತಿಂಗ್ಳು ಮಾಡ್ದೋರು ಅವ್ರೆ. ಅವ್ರಿಗೆ ಬಣ್ಣ ಇಡಿಸ್ನಿಲ್ಲ ಅಂತಲ್ಲ. ಒಂಟೋಗಕ್ಕೆ ಮನ್ಸಿರಲ್ಲ, ಏಳಕ್ಕೂ ಆಗಲ್ಲ."

ಜಯಾ ಟಿವಿಯನ್ನು ಆರಿಸಿದಳು. "ಅವರಿಗೆ ಹೇಳ್ಬೇಡಿ."

"ನಾನ್ಯಾಕ್ ಏಳ್ಲಿ? ನೀವೇ ಏಳ್ಬೇಕು."

ಮಾರನೆಯ ದಿನ ಬೆಳಿಗ್ಗೆ ಹತ್ತೂವರೆಗೆ ಶ್ರೀಕಾಂತ ಹಾಲ್‌ನ ನೆಲದ ಮೇಲೆ ನಕ್ಷೆ ಹರಡಿಕೊಂಡು ಕೂತಿದ್ದ. ಅದೇ ಹೊತ್ತಿಗೆ ಬಿಸಿಲು ಕಿಟಕಿಯಿಂದ ಒಳಗೆ ಬಂದು ಸೌರಾಷ್ಟ್ರದ ಮೇಲೆ ಬಿತ್ತು. ಜಯಾ ಅವನೆದುರು ಕುರ್ಚಿಯಲ್ಲಿ ಕೂತಳು.

"ರೀ, ನಾನು ಬರಲ್ಲ."

"ಎಲ್ಲಿಗೆ?"

"ವ್ಯಾನಲ್ಲಿ. ಆರು ತಿಂಗಳು ನಂಗೆ ಆಗಲ್ಲ."

ಅವನು ಕನ್ನಡಕ ತೆಗೆದ. "ಮಂಡಿ ನೋವು ಜಾಸ್ತಿ ಆಯ್ತಾ?"

"ಇಲ್ಲ."

"ಮನೆ ಬಿಟ್ಟು ಹೋಗೋಕೆ ಭಯಾನಾ? ಸೌಜನ್ಯ ಇಲ್ಲೇ ಬ್ಯಾಟರಾಯನಪುರದಲ್ಲಿದಾಳಲ್ಲ. ವಾರಕ್ಕೊಂದ್ಸಲ ಬಂದು ನೋಡ್ಕೋ ಅಂತ ಮಗಳಿಗೆ ಹೇಳೋಣ."

"ಭಯ ಅಲ್ಲ. ನಂಗೆ ಈ ಮನೇಲಿ ಇರ್ಬೇಕು. ಇಪ್ಪತ್ತೆರಡು ವರ್ಷ ಕತ್ತಲಲ್ಲಿ ಹೋದೆ, ಕತ್ತಲಲ್ಲಿ ಬಂದೆ. ಭಾನುವಾರ ಬಂದ್ರೆ ಬಟ್ಟೆ, ಅಡುಗೆ, ನೆಂಟರು. ಬಿಸಿಲು ಇಲ್ಲಿಗೆ ಹತ್ತೂವರೆಗೆ ಬರುತ್ತೆ ಅಂತ ನಂಗೆ ಗೊತ್ತಾಗಿದ್ದು ಈ ಜೂನಲ್ಲಿ. ಪಕ್ಕದ ಮನೆ ಆಯೇಷಾ ಹದಿನಾಲ್ಕು ವರ್ಷದಿಂದ ಇದಾರೆ. ಅವರ ಹತ್ರ ಕೂತು ಮಾತಾಡಿದ್ದು ಹೋದ ತಿಂಗಳು. ಈಗಷ್ಟೇ ಬಂದಿದೀನಿ ರೀ ಮನೆಗೆ. ಮತ್ತೆ ಹೊರಡು ಅಂದ್ರೆ..."

ಶ್ರೀಕಾಂತ ಕನ್ನಡಕವನ್ನು ನಕ್ಷೆಯ ಮೇಲಿಟ್ಟ. "ಒಂದು ವರ್ಷ," ಎಂದ ಆಮೇಲೆ. "ಒಂದು ವರ್ಷ ನನ್ನ ಜೊತೆ ಆ ಶೆಡ್ಡಿಗೆ ಬಂದೆ. ಒಂದು ದಿನಾನೂ ಹೇಳ್ಲಿಲ್ಲ."

"ನೀವು ಕೇಳ್ಲಿಲ್ಲ."

"ಪ್ರತಿಯೊಂದೂ ಕೇಳಿದೀನಿ."

"ಒಲೆ ಕೇಳಿದ್ರಿ, ಪರದೆ ಕೇಳಿದ್ರಿ. ಬರ್ತೀಯಾ ಅಂತ ಕೇಳ್ಲಿಲ್ಲ."

ಅವನು ನಕ್ಷೆಯನ್ನು ಮಡಿಸಲು ಹೋದ. ಅದು ಮೊದಲಿನ ಮಡಿಕೆಗೆ ಬರಲಿಲ್ಲ. ಹಾಗೇ ಸುರುಳಿ ಸುತ್ತಿಕೊಂಡು ಒಳಗೆ ಹೋದ.

ಎಂಟು ದಿನ ಮನೆಯಲ್ಲಿ ಬೇಕಾದಷ್ಟೇ ಮಾತು ನಡೆಯಿತು. ಊಟ ಆಯ್ತಾ, ಗ್ಯಾಸ್ ಬಂತಾ, ಅಷ್ಟೇ. ಜಯಾಗೆ ಹೇಳಿದ್ದು ತಪ್ಪೆನಿಸಲಿಲ್ಲ, ಆದರೆ ಹೇಳಿದ್ದರಿಂದ ಹಗುರವೂ ಆಗಲಿಲ್ಲ. ಶ್ರೀಕಾಂತ ಮತ್ತೆ ಕಚೇರಿಯ ಕೋಣೆಯಲ್ಲಿ ಕೂತವನಂತೆ ಸೋಫಾದಲ್ಲಿ ಕೂತಿರುತ್ತಿದ್ದ. ಒಂಬತ್ತನೆಯ ದಿನ ಬೈರಣ್ಣ ಫೋನ್ ಮಾಡಿದ. ಅದೂ ಜಯಾಳ ನಂಬರಿಗೆ.

"ಅಕ್ಕಾ, ನೆನ್ನೆ ಸಾರು ಯಲಹಂಕದ ಪಾರ್ಟಿನ ಕರ್ಕೊಂಡ್ ಬಂದು ವ್ಯಾನ್ ತೋರ್ಸುದ್ರು. ಅವ್ರಿಗೆ ಇಡಿಸ್ತು, ಕೊಡಿ ಅಂದ್ರು. ನಮ್ ಸಾರು ಆಮ್ಯಾಕೆ ಏಳ್ತೀನಿ ಅಂದ್ಬುಟ್ಟು, ಅವ್ರು ಓದ್ಮೇಲೆ ಸ್ಟೇರಿಂಗ್ ಇಡ್ಕೊಂಡು ಅರ್ಧ ಗಂಟೆ ಸುಮ್ಕೆ ಕುಂತಿದ್ರು. ನಂಗೆ ನೋಡಕ್ಕಾಗ್ನಿಲ್ಲ."

ಅಂದು ಮಧ್ಯಾಹ್ನ ಜಯಾ ಬಸ್ಸು ಹಿಡಿದು ಒಬ್ಬಳೇ ಶೆಡ್ಡಿಗೆ ಹೋದಳು. ವ್ಯಾನಿನೊಳಗೆ ಹತ್ತಿ, ಮಂಚದ ಮೇಲೆ ಒಬ್ಬ ಮನುಷ್ಯ ಕೂತರೆ ಟಿವಿ ಎಷ್ಟು ದೂರ ಎಂದು ನೋಡಿದಳು. ಸಂಜೆ ಎಲ್ಲೋ ಗೊತ್ತಿಲ್ಲದ ಊರಿನಲ್ಲಿ ವ್ಯಾನು ನಿಲ್ಲಿಸಿ, ಅನ್ನ ಮಾಡಿಕೊಂಡು, ಗಂಡ ತಟ್ಟೆ ಹಿಡಿದು ಕೂತಾಗ ಕನ್ನಡದ ದನಿಯೊಂದು ಬೇಕಾಗುತ್ತದೆ. ಹಳ್ಳಿಗಾಡಿನಲ್ಲಿ ಇಂಟರ್ನೆಟ್ ನಂಬಿಕೊಳ್ಳುವ ಹಾಗಿಲ್ಲ. ಓಡಿಸುತ್ತಿರುವಾಗ ಅವನು ಹೇಗೂ ಟಿವಿ ನೋಡುವುದಿಲ್ಲ. ಮಡಕೆ ಆಂಟೆನಾ ಕೆಟ್ಟರೆ ರಿಪೇರಿ ಮಾಡುವವರು ದಾರಿಯಲ್ಲಿ ಸಿಗುವುದಿಲ್ಲ, ಸಾದಾ ಡಿಶ್ಶಿನವರು ತಾಲೂಕಿಗೊಬ್ಬರಿರುತ್ತಾರೆ. ಐದು ವಾರ ಎಳೆದ ಲೆಕ್ಕ ಐದು ನಿಮಿಷದಲ್ಲಿ ಮುಗಿಯಿತು.

"ಸಾದಾ ಡಿಶ್ಶು," ಎಂದು ಇಳಿದು ಬಂದು ಬೈರಣ್ಣನಿಗೆ ಹೇಳಿದಳು. "ತಿಂಗಳಿಗೆ ರೀಚಾರ್ಜ್ ಇಲ್ಲದ ಉಚಿತ ಚಾನೆಲ್‌ಗಳದ್ದು. ಹಿಂದಿನ ಬಾಗಿಲ ಪಕ್ಕ ಮಡಿಸೋ ಕಂಬ ಹಾಕಿ, ನೆಲದ ಮೇಲೆ ನಿಂತೇ ಕೈಗೆ ಸಿಗೋ ಹಾಗೆ. ಅವರನ್ನ ಮೇಲೆ ಹತ್ತಿಸ್ಬೇಡಿ."

"ಯಾರು ಓಗ್ತಾರೆ ಅಂತ ಆಕ್ಸ್‌ತಿದೀರಿ?"

"ನೀವು ಎಷ್ಟು ವ್ಯಾನ್ ಕಟ್ಟಿದೀರಿ ಬೈರಣ್ಣ?"

"ಇದು ಸೇರಿ ನಲ್ವತ್ತೊಂದು."

"ಯಾವ್ದರಲ್ಲಾದ್ರೂ ಹೋಗಿದೀರಾ?"

"ಓಗಿವ್ನಲ್ಲ. ನೆಲಮಂಗಲದ್ಗಂಟ. ಬ್ರೇಕು ನೋಡಕ್ಕೆ."

ಜಯಾ ನಕ್ಕಳು. ಎಂಟು ದಿನದ ಮೇಲೆ ನಕ್ಕಿದ್ದಳು. "ನಮ್ಮನೆಯವರ ಜೊತೆ ಹೋಗ್ತೀರಾ?"

ಬೈರಣ್ಣ ಶೆಡ್ಡಿನ ಒಳಗಿದ್ದ ಅರ್ಧಂಬರ್ಧ ಬಸ್ಸನ್ನು ನೋಡಿದ, ತನ್ನ ಕೈ ನೋಡಿಕೊಂಡ. "ಮನೇಲಿ ಕೇಳ್ಬೇಕು," ಎಂದ. ಆದರೆ ಕೇಳುವ ಮೊದಲೇ ಡ್ರಿಲ್ಲಿಂಗ್ ಮೆಷಿನ್ ಎತ್ತಿಕೊಂಡ.

ಶ್ರೀಕಾಂತ ಸುಲಭಕ್ಕೆ ಒಪ್ಪಲಿಲ್ಲ. "ನಿನ್ನ ಬಿಟ್ಟು ಬೈರಣ್ಣನ ಜೊತೆ ಟೂರ್ ಹೋಗ್ಲಾ? ಒಬ್ಬಳೇ ಏನ್ ಮಾಡ್ತೀಯ?"

"ಒಬ್ಬಳೇ ಇರ್ತೀನಿ. ಒಂದ್ಸಲಾನೂ ಇದ್ದಿಲ್ಲ, ನೋಡೋಣ."

"ಜನ ಏನಂತಾರೆ?"

"ಗಂಡ ಊರಿಗೆ ಹೋಗಿದಾನೆ ಅಂತಾರೆ."

ಆರು ತಿಂಗಳು ಆರು ವಾರಕ್ಕೆ ಇಳಿಯಿತು. ಹಿಮಾಚಲ ಮುಂದಿನ ವರ್ಷಕ್ಕೆ ಹೋಯಿತು. ಹೊರಡುವ ಮುಂಚಿನ ವಾರ ಜಯಾ ಅವನನ್ನು ದಿನಾ ಮನೆಯ ಮುಂದೆ ನಿಲ್ಲಿಸಿದ್ದ ವ್ಯಾನಿನ ಹಿಂದೆ ನಿಲ್ಲಿಸಿ ಪಾಠ ಮಾಡಿದಳು. ಮೊದಲು ಫೋನಿನ ದಿಕ್ಸೂಚಿ, ಆಮೇಲೆ ಕಂಬ ನೇರ ಇದೆಯಾ ಎಂದು ನೋಡುವುದು, ಆಮೇಲೆ ಕೋನ. ಅವನು ಆತುರದಲ್ಲಿ ಡಿಶ್ಶನ್ನು ಗಿರ್ರನೆ ತಿರುಗಿಸುತ್ತಿದ್ದ. "ಕೂದಲೆಳೆಯಷ್ಟು," ಎಂದು ಅವಳು ಅವನ ಕೈ ಹಿಡಿದು ನಿಲ್ಲಿಸುತ್ತಿದ್ದಳು. ನಾಲ್ಕನೆಯ ದಿನ ಅವನು ತಾನಾಗಿ ಚಿತ್ರ ತರಿಸಿದ. ಅವಳು ಏನು ಹೇಳುತ್ತಾಳೋ ಎಂದು ಅವಳ ಮುಖ ನೋಡಿದ.

"ಪಾಸು," ಎಂದಳು.

ಅವನು ಹೊರಟ ದಿನ ಅವಳು ಗೇಟಿನವರೆಗೆ ಹೋದಳು. ವ್ಯಾನು ತಿರುವು ದಾಟಿದ ಮೇಲೆ ಒಳಗೆ ಬಂದು, ಏನು ಮಾಡಬೇಕೆಂದು ತೋಚದೆ, ಅವನು ಕುಡಿದಿಟ್ಟ ಲೋಟವನ್ನು ತೊಳೆಯದೆ ಮಧ್ಯಾಹ್ನದವರೆಗೆ ಬಿಟ್ಟಳು.

ಮೂರನೆಯ ದಿನ ಸಂಜೆ ತಾರಸಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದಾಗ ಫೋನು ಬಂತು. ಹೊಸಪೇಟೆಯ ಹತ್ತಿರ ಡ್ಯಾಮಿನ ಹಿನ್ನೀರಿನ ಪಕ್ಕ ನಿಲ್ಲಿಸಿದ್ದರಂತೆ.

"ಬರ್ತಾನೇ ಇಲ್ಲ ಜಯಾ. ಅರ್ಧ ಗಂಟೆ ಆಯ್ತು. ನೀನು ಹೇಳಿದ ಹಾಗೇ ಮಾಡಿದೀನಿ."

"ಆಂಗಲ್ ಎಷ್ಟಿದೆ?"

"ಅರವತ್ತಾರು."

"ಅದು ಇಲ್ಲಿಯದು ಕಣ್ರೀ. ಅಲ್ಲಿಗೆ ಅರವತ್ಮೂರು. ಬಗ್ಗಿಸಿ. ನೀರು ಯಾವ ಕಡೆ ಇದೆ?"

"ಎಡಕ್ಕೆ. ಸೂರ್ಯ ಬೆನ್ನ ಹಿಂದೆ."

"ಸರಿ. ಈಗ ಬಲಕ್ಕೆ ತಿರುಗಿಸಿ. ನಿಧಾನ. ಇನ್ನೊಂಚೂರು."

"ಸಿಗ್ನಲ್ ಗೆರೆ ಬಂತು! ಹೋಯ್ತು."

"ಜಾಸ್ತಿ ಹೋದ್ರಿ. ವಾಪಸ್ ಬನ್ನಿ. ಉಸಿರು ಬಿಡಿ ಮೊದ್ಲು."

ಆ ಕಡೆ ಗಾಳಿಯ ಸದ್ದು, ಬೈರಣ್ಣ "ಸಾರ್, ಬಂತು, ಅಂಗೇ ಇಡ್ಕೊಳಿ, ಅಲ್ಲಾಡ್ಬ್ಯಾಡಿ" ಎಂದು ಒಳಗಿಂದ ಕೂಗುವುದು, ಆಮೇಲೆ ಯಾರೋ ಕನ್ನಡದಲ್ಲಿ ವಾರ್ತೆ ಓದುವ ದನಿ. ಜಯಾ ಆ ದನಿ ಕೇಳುತ್ತ ನಿಂತಳು. ಪಕ್ಕದ ತಾರಸಿಯಿಂದ ಆಯೇಷಾ ಕುತೂಹಲದಿಂದ ಇತ್ತ ನೋಡುತ್ತಿದ್ದಳು. ಆಗ ಜಯಾಗೆ ಗೊತ್ತಾಯಿತು, ತನ್ನ ಇನ್ನೊಂದು ಕೈ ಇಷ್ಟು ಹೊತ್ತೂ ಉಪಗ್ರಹವಿರುವ ಆಗ್ನೇಯದ ಆಕಾಶಕ್ಕೆ ಡಿಶ್ಶಿನಂತೆ ಅಂಗೈ ಓರೆಯಾಗಿಸಿ ಮೇಲೆದ್ದೇ ಇತ್ತು. ಅವಳು ಅದನ್ನು ಕೂಡಲೇ ಇಳಿಸಲಿಲ್ಲ.