ಜನವರಿಯಲ್ಲಿ ನಿಂತ ರಾಗಿ

ಸರ್ಕಾರದ ಕಂಪ್ಯೂಟರಿನಿಂದ ಮಾಹಿತಿ ತಂದುಕೊಡುವ ಈ ಎಪಿಐ ಬರೆದ ಮಹಾನುಭಾವ ಯಾರೋ, ಹುಟ್ಟಿದ ಮೇಲೆ ಒಮ್ಮೆಯೂ ಹೊಲದ ಕಡೆ ಹೋದವನಲ್ಲ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಎಂದು ಅವಧಿ ಕೊಟ್ಟು ಬೆಳೆ ಸಮೀಕ್ಷೆಯ ಮಾಹಿತಿ ಕೇಳಿದರೆ, ಊರಿಗೆ ಊರೇ ಸೊನ್ನೆ. ಬೆಳಿಗ್ಗೆಯಿಂದ ಕೇಳಿ ಕೇಳಿ ನನಗೆ ತಲೆ ಕೆಟ್ಟುಹೋಗಿತ್ತು.

ಸರ್ಕಾರಕ್ಕೆ ವರದಿ ಮಾಡಿಕೊಡುವ ಖಾಸಗಿ ಕಂಪನಿ ನಮ್ಮದು, ದೇವನಹಳ್ಳಿಯಲ್ಲಿದೆ. ಹೋದ ವಾರ ಮ್ಯಾನೇಜರ್ ಕಾಂತರಾಜು ಈ ಸೊನ್ನೆಗಳನ್ನೇ ನಂಬಿ, ಆ ಊರಿನ ಜಮೀನೆಲ್ಲ ಪಾಳು ಎಂದು ವರದಿ ಕಳಿಸಿದ್ದರು. ಪಾಳು ಜಮೀನು ಕೈಗಾರಿಕೆಗೆ ಮೊದಲು ಹೋಗುತ್ತದೆ. ನಾಳೆಯೇ ಭೂಸ್ವಾಧೀನದ ವಿಚಾರಣೆ. ನನ್ನ ಅಮ್ಮನ ಸೋದರತ್ತೆ ಲಕ್ಕಮ್ಮಜ್ಜಿಯ ಹೊಲವೂ ಅದರಲ್ಲಿತ್ತು. ಅಜ್ಜಿ ನಮ್ಮ ತಾಲ್ಲೂಕಿನದೇ ಆದ ಚನ್ನರಾಯಪಟ್ಟಣದ ಕಡೆಯಿಂದ ಬಸ್ಸು ಹತ್ತಿ ಬಂದು ನನ್ನ ಪಕ್ಕದಲ್ಲೇ ಕೂತಿದ್ದರು.

"ರಾಗಿ ಹಾಕಿದ್ದೆ ಕಣೇ ನವ್ಯಾ. ಸರ್ವೇಯವ್ನು ತೆನೆ ಮುಂದೆ ನಿಂತ್ಕೊ ಅಂದ, ನಿಂತ್ಕೊಂಡೆ. ಫೋಟೋ ತಕ್ಕೊಂಡು ಹೋದ."

"ನಂಗೊತ್ತಜ್ಜಿ. ಇದಕ್ಕೆ ಗೊತ್ತಿಲ್ಲ."

ರೇಗಿಹೋಗಿ ಅವಧಿಯನ್ನೇ ತೆಗೆದುಹಾಕಿ, ಅಜ್ಜಿಯ ಸರ್ವೆ ನಂಬರ್ ಮಾತ್ರ ಕೊಟ್ಟೆ. ಬಂತು. ರಾಗಿ ಪೈರಿನ ನಡುವೆ ಅಜ್ಜಿ. ಫೋಟೋ ತೆಗೆದದ್ದು ನವೆಂಬರ್, ಅಪ್‌ಲೋಡ್ ಆದದ್ದು ಜನವರಿ. ಹೊಲದಲ್ಲಿ ಸಿಗ್ನಲ್ ಇಲ್ಲದೆ ಸರ್ವೇಯವನು ಎಲ್ಲವನ್ನೂ ಫೋನಿನಲ್ಲೇ ಇಟ್ಟುಕೊಂಡು, ಸಂಕ್ರಾಂತಿ ಕಳೆದ ಮೇಲೆ ಕಳಿಸಿದ್ದ. ಈ ಹಾಳು ಎಪಿಐ ಅಪ್‌ಲೋಡ್ ದಿನ ನೋಡಿ ಸೋಸುತ್ತಿತ್ತು.

ಕಾಂತರಾಜು ಬಂದು ಬಗ್ಗಿ ನೋಡಿದರು.

"ಇದು ಜನವರಿದಲ್ವೇನಮ್ಮ? ಅವಧಿ ಮೀರಿದೆ."

"ಜನವರೀಲಿ ಯಾರ ಹೊಲದಲ್ಲಿ ರಾಗಿ ನಿಂತಿರುತ್ತೆ ಸಾರ್? ರಾಗಿ ಬೆಳೆಯೋ ಅನುಗೊಂಡನಹಳ್ಳಿಯವರಾಗಿ ನೀವೇ ಹಿಂಗಂದ್ರೆ?"

ಅವಧಿ ಕೊಡದೆ ಊರಿನ ದಾಖಲೆಯೆಲ್ಲ ತರಿಸಿ, ಫೋಟೋ ತೆಗೆದ ದಿನ ನೋಡಿ ನಾನೇ ಸೋಸಿದೆ. ಅದೇ ಮೂರು ತಿಂಗಳಿಗೆ ಇಡೀ ಊರಿನ ರಾಗಿ ಬಂದುಬಿಟ್ಟಿತು. ನನಗೆ ಖುಷಿಗಿಂತ ಸಿಟ್ಟೇ ಹೆಚ್ಚಾಯಿತು.

"ವರದಿ ಹೋಗಿ ವಾರ ಆಯ್ತಲ್ಲಮ್ಮ," ಎಂದರು ಕಾಂತರಾಜು. "ಈಗ ಇದನ್ನ ಕಳಿಸ್ಬೇಕಾದ್ರೆ ತಪ್ಪು ನಮ್ದು ಅಂತ ಬರ್ಕೊಡಬೇಕು. ಕಂಪನಿ ಹೆಸರು ಕೆಟ್ಟುಹೋಗುತ್ತೆ."

ಅಜ್ಜಿ ಸೆರಗು ಸರಿಮಾಡಿಕೊಂಡು ಎದ್ದು ನಿಂತರು.

"ಏನಪ್ಪಾ, ಬೆಳೆ ಬೆಳ್ದ ನಾನು ಜಮೀನು ಕಳ್ಕೋಬೇಕು, ತಪ್ಪು ಮಾಡಿದ ನೀನು ಹೆಸ್ರು ಉಳಿಸ್ಕೋಬೇಕಾ?"

ಕಾಂತರಾಜು ಪರದೆಯ ಮೇಲಿನ ಫೋಟೋವನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು.

"ಟೈಪ್ ಮಾಡಮ್ಮ."

"ಏನಂತ ಸಾರ್?"

"ತಪ್ಪು ನಮ್ದು ಅಂತ."