ಮೇಜರ್ ಇಂದುಧರರ ಸಹಿ

“ಬೇಡ ಅಂದ್ರೆ ಬೇಡ ಕಣೇ,” ಎಂದು ಇಂದುಧರ ಒಪ್ಪಿಗೆ ಪತ್ರವನ್ನು ಮಗಳತ್ತ ಸರಿಸಿದರು. “ಬೇರೆ ಯಾವ ಆಟ ಬೇಕಾದ್ರೂ ಆಡು. ರಗ್ಬಿ ಮಾತ್ರ ಬೇಡ.”

“ನೀವು ಆಡ್ಲಿಲ್ವಾ ಅಪ್ಪಾ?” ಸಿರಿ ಕೇಳಿದಳು.

“ಆಡಿದ್ದಕ್ಕೇ ಹೇಳ್ತಿರೋದು.” ಅವರು ತಲೆಯ ಎಡಬದಿಯನ್ನು ಮುಟ್ಟಿಕೊಂಡರು. “ಇದರೊಳಗೆ ಏನೇನ್ ಉಳಿದೈತೆ ಅನ್ನೋದು ನಂಗೇ ಗೊತ್ತಿಲ್ಲ. ನಿಂಗೂ ಹಿಂಗಾಗಬಾರದು.”

ಸಿರಿ ದೋಸೆಯನ್ನು ಅರ್ಧಕ್ಕೇ ಬಿಟ್ಟು ಶಾಲೆಗೆ ಹೋದಳು. ಹದಿನಾರು ವರ್ಷದ ಹುಡುಗಿ, ರಾಜ್ಯ ತಂಡಕ್ಕೆ ಆಯ್ಕೆಯಾಗಿದ್ದಳು. ಪತ್ರ ಕೊಡಲು ಮರುದಿನವೇ ಕೊನೆ.

ಸೇನೆಯಲ್ಲಿ ಮೇಜರ್ ಆಗಿದ್ದ ಇಂದುಧರ ನಾಲ್ಕು ವರ್ಷ ಭಾರತ ತಂಡಕ್ಕೆ ರಗ್ಬಿ ಆಡಿದವರು. ಗಡಿಯಲ್ಲಿ ಒಂದು ಗುಂಡೂ ತಾಕದೆ ಬಂದವರಿಗೆ ನಲವತ್ತೆಂಟಕ್ಕೇ ಮರೆವು ಹತ್ತಿತ್ತು. ಆಟದಲ್ಲಿ ಎದುರಾಳಿಗಳನ್ನು ಹಿಡಿದು ಬೀಳಿಸುವಾಗ ತಲೆಗೆ ಬಿದ್ದ ಪೆಟ್ಟುಗಳೇ ಕಾರಣವಿರಬಹುದು ಎಂದು ಹಾಸನದ ಡಾಕ್ಟರು ಹೇಳಿದ್ದರು. ಹಿಂದಿನ ವಾರ, ಹುಟ್ಟಿದೂರು ಹಾರನಹಳ್ಳಿಗೆಂದು ಹೊರಟವರು ಯಾವ ಬಸ್ಸು ಹತ್ತಬೇಕೆಂದು ತಿಳಿಯದೆ ಅರಸೀಕೆರೆ ಬಸ್‌ಸ್ಟ್ಯಾಂಡಿನಲ್ಲೇ ಕೂತುಬಿಟ್ಟಿದ್ದರು. ಹೆಂಡತಿ ಸುವರ್ಣ ಹುಡುಕಿಕೊಂಡು ಹೋಗಿ ಕರೆತಂದಿದ್ದಳು.

ಸಂಜೆ ಸಿರಿ ಬಂದಾಗ ಅಪ್ಪ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಅವಳು ಬ್ಯಾಗಿನಿಂದ ಅದೇ ಪತ್ರ ತೆಗೆದಳು.

“ಅಪ್ಪಾ, ನಾನು ಸ್ಟೇಟ್ ಟೀಮಿಗೆ ಸೆಲೆಕ್ಟ್ ಆಗಿದೀನಿ. ರಗ್ಬಿಗೆ. ನಿಮ್ಮ ಸಹಿ ಬೇಕು.”

ಇಂದುಧರ ಎದ್ದೇಬಿಟ್ಟರು. ಮಡಿಲ ಕಾಳೆಲ್ಲ ನೆಲಕ್ಕೆ ಚೆಲ್ಲಿತು. “ನಿಜವಾಗ್ಲೂ? ಬೆಳಿಗ್ಗೇನೇ ಯಾಕೆ ಹೇಳ್ಲಿಲ್ಲ ಕಣೇ? ಸುವರ್ಣಾ, ಕೇಳಿದ್ಯಾ? ನಮ್ ಸಿರಿ ಗೆದ್ಳು!”

ಪತ್ರವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಹೆಸರಿನ ಮುಂದೆ ಮೇಜರ್ ಎಂದೂ ಸೇರಿಸಿ, ದಪ್ಪಗೆ ಸಹಿ ಹಾಕಿದರು. ಎಷ್ಟೋ ತಿಂಗಳಿಂದ ಅಪ್ಪ ಹೀಗೆ ನಕ್ಕಿದ್ದನ್ನು ಸಿರಿ ಕಂಡಿರಲಿಲ್ಲ.

ಸುವರ್ಣ ಬಾಗಿಲಲ್ಲಿ ನಿಂತಿದ್ದಳು. ಬೆಳಗಿನ ಮಾತನ್ನೂ ಅವಳು ಕೇಳಿದ್ದಳು. ಗಂಡನನ್ನು ನೋಡಿದಳು, ಮಗಳನ್ನು ನೋಡಿದಳು.

ಸಿರಿ ತಲೆ ತಗ್ಗಿಸಿ ಅಮ್ಮನನ್ನು ಒಳಗೆ ಕರೆದೊಯ್ದು ಪತ್ರವನ್ನು ಅವಳ ಕೈಗಿಟ್ಟಳು. “ನೀನೇ ಇಟ್ಕೊ.”

“ನಾಳೆ ಕೊಡ್ಬೇಕಲ್ವೇನೇ?”

“ಕೊಡಲ್ಲ. ಅಪ್ಪಂಗೆ ಮಾತ್ರ ಹೇಳ್ಬೇಡ.”

“ಸಿರೀ, ಬಾರೇ ಇಲ್ಲಿ!” ಅಂಗಳದಿಂದ ಕರೆ ಬಂತು. ಇಂದುಧರ ಪಂಚೆಯನ್ನು ಎತ್ತಿ ಕಟ್ಟಿ, ಕಾಲಗಲಿಸಿ ನಿಂತಿದ್ದರು. “ನನ್ನ ಹಿಡಿದು ಬೀಳ್ಸು ನೋಡಾಣ. ಭುಜ ಮುಂದಿರ್ಲಿ. ತಲೆ ಯಾವತ್ತೂ ಅಡ್ಡ ಕೊಡಬಾರದು, ಪಕ್ಕಕ್ಕೆ ತಗೋಬೇಕು.”

ಬಾಗಿ ಬಂದ ಮಗಳ ತಲೆಯನ್ನು ಎರಡೂ ಅಂಗೈಯಲ್ಲಿ ಹಿಡಿದು, ಮೆಲ್ಲಗೆ ತಮ್ಮ ಪಕ್ಕೆಗೆ ಒರಗಿಸಿಕೊಂಡರು. “ಇಲ್ಲಿ. ಗೊತ್ತಾಯ್ತಾ?”

“ಇನ್ನೊಂದ್ಸಲ ತೋರ್ಸಿ ಅಪ್ಪಾ,” ಎಂದಳು ಸಿರಿ, ತಲೆ ಎತ್ತದೆ.

ಅವರು ಮೊದಲಿನಿಂದ ಹೇಳತೊಡಗಿದರು.